ಪಕ್ಕದ ಬಾಗಿಲಿನ ಬೀಗ

ಸಿನಿಮಾ ಮಂದಿರ ಒಳಗಿದ್ದ ನೂರಾರು ಜನರ ಸಮೇತ ಸುಟ್ಟು ಹದಿನೈದು ದಿನವಾದರೂ ದಕ್ಷಿಣ ಇರಾನಿನ ಆ ಎಣ್ಣೆಯೂರಿನಲ್ಲಿ ಬೇರೆ ಮಾತಿರಲಿಲ್ಲ. ಬೆಂಕಿ ಹಚ್ಚಿದವರು ದೊರೆ ಷಾನ ಗೂಢಚಾರರೇ ಎಂದು ಅರ್ಧ ಊರು ಹೇಳುತ್ತಿತ್ತು. ಇಲ್ಲ, ಸಿನಿಮಾ ಕಂಡರಾಗದ ಮುಲ್ಲಾಗಳ ಕಡೆಯವರು ಎಂದು ಸರಕಾರ. ಹಾವು ಮುಂಗುಸಿಯಂತಿದ್ದ ಈ ಎರಡು ಕಡೆಯವರೂ ಒಂದು ಮಾತನ್ನು ಮಾತ್ರ ಒಪ್ಪಿದ್ದರು. ಬಾಗಿಲು ಕಾಯುತ್ತಿದ್ದ ಮತ್ರೂದ್ ಲಂಚ ತಿಂದು ಆ ಸಂಜೆ ಪಕ್ಕದ ಬಾಗಿಲಿಗೆ ಬೀಗ ಜಡಿದನಂತೆ. ಪಾಪ, ಅದೇ ಬೆಂಕಿಯಲ್ಲಿ ಸತ್ತವನು ಎದ್ದು ಬಂದು ಇಲ್ಲವೆನ್ನಲಾರನಲ್ಲ!

ಬೀಗ ಮಾಡುವ ಉಸ್ತಾದ್ ಗಂಬರ್ ಮಾತ್ರ ಚಹಾದಂಗಡಿಯ ಕಡೆ ತಲೆಯೇ ಹಾಕಿರಲಿಲ್ಲ. ಸಕ್ಕರೆ ಅಚ್ಚನ್ನು ದವಡೆಗೊತ್ತಿಕೊಂಡು ಮಂತ್ರಿಯ ಹೊಟ್ಟೆಯನ್ನೂ ಮುಲ್ಲಾನ ಪೇಟವನ್ನೂ ಬಿಡದೆ ಆಡಿಕೊಳ್ಳುತ್ತಿದ್ದ ಬಾಯಿಬಡುಕ, ಈಗ ಅಂಗಡಿಯಲ್ಲಿ ಕೂತು ಸುಮ್ಮನೆ ಅರದಿಂದ ಕೀಲಿ ಉಜ್ಜುತ್ತಿದ್ದ.

ಮತ್ರೂದನ ಹೆಂಡತಿ ಸಲೀಮಾ ಬಂದು ಹೊಸ್ತಿಲಲ್ಲೇ ನಿಂತಳು.

"ಉಸ್ತಾದ್, ನಾಳೆ ನ್ಯಾಯಾಧೀಶರ ಮುಂದೆ ಆ ಬೀಗ ಇಡ್ತಾರಂತೆ. ರೊಟ್ಟಿ ಅಂಗಡಿಯವನು ನನ್ನ ಮಕ್ಕಳನ್ನ ಕೊಲೆಗಾರನ ಮಕ್ಕಳು ಅಂತ ಸಾಲಿಂದ ಆಚೆ ಹಾಕ್ದ. ಅದು ಯಾವತ್ತು ಹಾಕಿದ ಬೀಗ ಅಂತ ನಿಮಗೆ ಗೊತ್ತು ತಾನೆ?"

"ಗೊತ್ತಮ್ಮ."

"ಹೇಳ್ತೀರಾ?"

ಗಂಬರ್ ಅರ ಕೆಳಗಿಟ್ಟ. "ಹೇಳಿದ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ. ಉಗೀಲಿ, ತೊಳ್ಕೋತೀನಿ. ನೀನು ಮನೆಗೆ ಹೋಗು."

ಮರುದಿನ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಮಸಿ ಹಿಡಿದ ಬೀಗ. ಸರಕಾರಿ ವಕೀಲ ಕಂಠಪಟ್ಟಿ ಸರಿಮಾಡಿಕೊಂಡು, "ಬೀಗ ಹೊಸದು. ಆ ಮತಾಂಧರು ಅವತ್ತೇ ತಂದು ಮತ್ರೂದನ ಕೈಗೆ ಕೊಟ್ಟಿದ್ದು, ಅಲ್ವೇನ್ರಿ?" ಎಂದ.

"ಪೊಲೀಸರ ಬೀಗ ಅದು!" ಎಂದು ಹಿಂದಿನಿಂದ ಮಸೀದಿಯ ಯುವಕನೊಬ್ಬ ಕೂಗಿದ. "ಹೆದರಬೇಡ, ಹೇಳು ಉಸ್ತಾದ್!"

"ನಾನ್ಯಾಕಪ್ಪ ಹೆದರಲಿ? ಇಬ್ರೂ ಒಂದು ಗಳಿಗೆ ಬಾಯ್ಮುಚ್ಚಿ" ಎಂದ ಗಂಬರ್. "ಇದು ನನ್ನ ಬೀಗ. ನಾನೇ ಮಾಡಿದ್ದು. ಟಿಕೆಟ್ಟಿಲ್ಲದೆ ಪಡ್ಡೆಗಳು ನುಗ್ತಾರೆ ಅಂತ ಮೂರು ವಾರದ ಹಿಂದೆ, ಬೆಂಕಿಗೂ ಮುಂಚೇನೇ, ಸಿನಿಮಾ ಮ್ಯಾನೇಜರ್ ಕೊಂಡ. ಅವತ್ತಿಂದ ದಿನಾ ಸಂಜೆ ಹೊರಗಿಂದ ಹಾಕಿಸ್ತಿದ್ದ. ಮತ್ರೂದ್ ಹೇಳಿದ ಕೆಲಸ ಮಾಡ್ದ. ಬೆಂಕಿ ಕಂಡಾಗ ಜನರನ್ನ ಹೊರಗೆ ಕರ್ಕೊಂಡು ಬರೋಕೆ ಮುಂದಿನ ಬಾಗಿಲಿಂದ ಒಳಗೆ ಓಡ್ದ. ಆ ಗಾಬರೀಲಿ ಕೀಲಿ ಅವನ ಜೇಬಲ್ಲೇ ಉಳೀತು. ಲಂಚ ತಿಂದವನು ಬೆಂಕಿಗೆ ಓಡ್ತಾನೇನ್ರಿ?"

ಆ ಬೀಗ ಈಗ ಯಾರಿಗೂ ಬೇಡವಾಯಿತು. ವಕೀಲ ಕಾಗದ ಮಡಿಸಿದ, ಯುವಕ ಮುಖ ತಿರುಗಿಸಿದ. ಮೂಲೆಯಲ್ಲಿದ್ದ ಸಲೀಮಾ ಚಾದರದ ಅಂಚು ಬಾಯಿಗೊತ್ತಿಕೊಂಡು ಅತ್ತಳು.

"ಹಾಗಾದ್ರೆ ಬೆಂಕಿ ಹಚ್ಚಿದ್ದು ಯಾರು?" ಎಂದರು ನ್ಯಾಯಾಧೀಶರು.

"ಅದನ್ನ ಹುಡುಕೋದು ನಿಮ್ಮ ಕೆಲಸ ಸ್ವಾಮಿ. ಬೀಗದ ವಿಷಯ ನನ್ನನ್ನ ಕೇಳಿ."

ನ್ಯಾಯಾಧೀಶರು ಬೀಗವನ್ನು ತಿರುಗಿಸಿ ನೋಡಿದರು. ಮೇಲೆಲ್ಲ ತಗ್ಗುಗಳಿದ್ದವು. "ಯಾರೋ ಒಡೆಯೋಕೆ ನೋಡಿದ್ದಾರೆ. ಯಾರದು ಈ ಏಟು?"

ಗಂಬರ್ ಆ ತಗ್ಗುಗಳನ್ನು ನೋಡಿದ. ಆದರೂ ತಲೆ ತಗ್ಗಿಸಲಿಲ್ಲ.

"ನನ್ನದೇ. ಸುತ್ತಿಗೆ ಹಿಡಿದು ಓಡಿ ಹೋದೆ. ಒಳಗಿಂದ ಅವರು ಬಾಗಿಲು ಬಡೀತಿದ್ರು, ಹೊರಗಿಂದ ನಾನು ಬೀಗ ಬಡೀತಿದ್ದೆ. ಅವರು ನಿಲ್ಲಿಸಿದ ಮೇಲೂ ನಾನು ಬಡೀತಾನೇ ಇದ್ದೆ. ಬರ್ಕೊಳ್ಳಿ."