ಹೆಬ್ಬೆರಳಿಗೆ ರಜೆ

"ನೂಲು ಎಲ್ಲುಂಟು?"

ಮೀಯಿಸಿ ಮಲಗಿಸಿದ ತಾಯಿಯ ಶವದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಹಿಡಿದುಕೊಂಡೇ ಭೋಜ ಕೇಳಿದ.

ತಂಗಿ ಪ್ರಫುಲ್ಲಾ ಮೂಲೆಯ ಗೆರಸೆಯಿಂದ ಬೀಡಿ ಕಟ್ಟುವ ನೂಲು ತಂದಳು. ಇನ್ನಂಜೆ ಊರಿನ ಆ ಮನೆಯಲ್ಲಿ ಬೇರೆ ನೂಲು ಎಂದೂ ಇರಲಿಲ್ಲ. ತಾಯಿ ಕುಶಲಕ್ಕ ಮಕ್ಕಳಿಬ್ಬರನ್ನು ಸಾಕಿದ್ದೂ ಆ ನೂಲಿನಿಂದಲೇ.

ಸೇವಾಕೇಂದ್ರದ ಲಿಡ್ವಿನ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. "ಹೆಬ್ಬೆರಳಿನ ಗೆರೆ ಬಂದ ಕೂಡಲೇ ಫೋನ್ ಮಾಡಿ ಎಂದಿದ್ದೆ ಭೋಜಣ್ಣ. ಮೆಷಿನ್ ಮನೆಗೇ ತರುತ್ತಿದ್ದೆ."

"ಎಲ್ಲಿ ಬಂತು ಮಾರಾಯ."

ನೆರೆಮನೆಯ ಪ್ರಭಾವತಿಯಕ್ಕನಿಗೆ ತಡೆಯಲಾಗಲಿಲ್ಲ. "ಕುಶಲಕ್ಕನ ಎದೆಯ ಆಪರೇಷನ್ನಿಗೆ ಹೆಬ್ಬೆರಳು ಎಂತಕ್ಕೆ?"

"ರೇಷನ್ ಕಾರ್ಡಿನಲ್ಲಿ ಹೆಸರು ಉಳಿದರೆ ಮಾತ್ರ ಆಪರೇಷನ್ ಫ್ರೀ ಅಕ್ಕ. ಹೆಸರು ಉಳಿಯಲಿಕ್ಕೆ ಬೆರಳು ಒತ್ತಬೇಕು." ಹೇಳುವಾಗ ಲಿಡ್ವಿನ್‌ಗೇ ನಾಚಿಕೆಯಾಯಿತು.

*

ಮಳೆಗಾಲಕ್ಕೆ ಮೊದಲು ಕುಶಲಕ್ಕ ಲಿಡ್ವಿನ್‌ನ ಮೆಷಿನ್ನಿನ ಮೇಲೆ ಬೆರಳು ಒತ್ತಿದ್ದಳು. ಕೆಂಪು ದೀಪ. ಸೀರೆಗೆ ಒರೆಸಿ ಒತ್ತಿದಳು. ಮತ್ತೆ ಕೆಂಪು. ಬೀಡಿ ಸುತ್ತಿ ಸುತ್ತಿ ಹೆಬ್ಬೆರಳು ತೊಳೆದ ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಕಾರ್ಕಳದಲ್ಲಿ ಕಣ್ಣು ನೋಡಿ ಗುರುತು ಹಿಡಿಯುವ ಮೆಷಿನ್ ಉಂಟೆಂದು ಕೇಳಿ ಅಲ್ಲಿಗೂ ಹೋದರು. ಪೊರೆ ಬಂದ ಕಣ್ಣನ್ನು ಅದೂ ಒಪ್ಪಲಿಲ್ಲ. ಜೀವಮಾನವಿಡೀ ದುಡಿದವಳು ದುಡಿದ ತಪ್ಪಿಗೇ ಸಿಕ್ಕಿಬಿದ್ದಿದ್ದಳು.

"ಸ್ವಲ್ಪ ಸಮಯ ಬೀಡಿ ಬಿಡಿ ಕುಶಲಕ್ಕ. ಎಣ್ಣೆ ಹಚ್ಚಿ. ಗೆರೆ ಮತ್ತೆ ಬರುತ್ತದಂತೆ," ಎಂದ ಲಿಡ್ವಿನ್. ಪಾಪ, ಅವನ ಬಳಿ ಇದ್ದ ಉಪಾಯ ಅದೊಂದೇ.

"ಹಾಗಾದರೆ ಹೆಬ್ಬೆರಳಿಗೆ ರಜೆ!" ಅವಳು ನಕ್ಕಳು. ಅಷ್ಟು ವರ್ಷಗಳಲ್ಲಿ ಅವಳು ಹಾಕಿದ ಮೊದಲ ರಜೆ ಅದು.

ಗೆರಸೆ ಮೂಲೆ ಸೇರಿತು. ದಿನವೂ ತೆಂಗಿನೆಣ್ಣೆ ತಿಕ್ಕಿ, ಕಿಟಕಿಯ ಬೆಳಕಿಗೆ ಬೆರಳು ಹಿಡಿದು ಕೇಳುವಳು: "ಪ್ರಫುಲ್ಲಾ, ಎಂತಾದರೂ ಕಾಣ್ತದಾ?"

"ಇಲ್ಲಮ್ಮ."

ಮರುದಿನ ಮತ್ತೆ ಅದೇ ಪ್ರಶ್ನೆ. ಅಮ್ಮನ ಏದುಸಿರು ಹೆಚ್ಚುತ್ತಿತ್ತು. ಕೊನೆಕೊನೆಗೆ ಆ ಬೆರಳನ್ನು ನೋಡುವುದೇ ಸಂಕಟವಾಗಿ, ಪ್ರಫುಲ್ಲಾ ಒಲೆಯ ಕಡೆ ಮುಖ ಮಾಡಿಕೊಂಡೇ "ಇಲ್ಲಮ್ಮ" ಎನ್ನುತ್ತಿದ್ದಳು.

*

ಬಿಳಿ ಬಟ್ಟೆ ಹೊದಿಸಿದರು. ಕೈಯ ಹೆಬ್ಬೆರಳುಗಳನ್ನು ಕಟ್ಟುವುದಷ್ಟೇ ಬಾಕಿ. ಪ್ರಫುಲ್ಲಾ ನೂಲು ಬಿಚ್ಚುವಷ್ಟರಲ್ಲಿ, ಮೀಯಿಸುವಾಗ ಹಚ್ಚಿದ ಎಣ್ಣೆ ಅರಸಿನದ ಜಿಡ್ಡಿಗೆ ಅಮ್ಮನ ಬಲಗೈ ಜಾರಿ ಬಟ್ಟೆಯ ಮೇಲೆ ಬಿತ್ತು. ಎತ್ತಿದಳು.

ಬಿಳಿಯ ಮೇಲೆ ಹಳದಿ ಹೆಬ್ಬೆಟ್ಟು ಮೂಡಿತ್ತು. ಗೆರೆಗಳು ಸುತ್ತು ಸುತ್ತಾಗಿ, ಒಂದೂ ಅಳಿಯದೆ ಕಾಣುತ್ತಿದ್ದವು.

"ಕಟ್ಟಿ ಆಯ್ತಾ?" ಭೋಜ ಕೇಳಿದ. "ಹೊರಡುವ ಹೊತ್ತಾಯಿತು."

ಪ್ರಫುಲ್ಲಾ, ಬಾಗಿಲಲ್ಲಿದ್ದ ಲಿಡ್ವಿನ್‌ಗೆ ಕಾಣದಂತೆ ಆ ಗುರುತನ್ನು ಅಂಗೈಯಿಂದ ಮುಚ್ಚಿ ಕುಳಿತಳು.