ಸದ್ದಿಲ್ಲದ ಕಾರು

ಹಿಂದಿನ ಸೀಟಿನಿಂದ ಉಸಿರಾಟದ ಸದ್ದು ಬರುತ್ತಿದೆಯೇ ಎಂದು ಮೇಸ್ತ್ರಿ ಕಿವಿಗೊಟ್ಟ. ಏನೂ ಬರುತ್ತಿರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ರಸ್ತೆ ತುಂಬ ಗಾಡಿಗಳಿದ್ದರೂ ಒಂದು ಹಾರ್ನ್ ಕೂಡ ಒಳಗೆ ನುಸುಳುತ್ತಿರಲಿಲ್ಲ. ಎಂಥ ಗುಂಡಿ ಬಂದರೂ ಕಾರು ತೊಟ್ಟಿಲಿನಂತೆ ಮೆತ್ತಗೆ ಎದ್ದು ಇಳಿಯುತ್ತಿತ್ತು.

"ಏ, ಮಾತಾಡೇ," ಎಂದ. "ಏನಾದ್ರೂ ಅನ್ನು. ಬೈಯಾದ್ರೂ ಬೈಯಿ."

ಕನ್ನಡಿಯಲ್ಲಿ ಹೆಂಡತಿಯ ಮಂಡಿ ಮಾತ್ರ ಕಾಣುತ್ತಿತ್ತು. ಅಲುಗುತ್ತಿರುವುದು ಅವಳೋ ಕಾರೋ ತಿಳಿಯುವಂತಿರಲಿಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಅವನು ಉಸಿರು ಬಿಗಿಹಿಡಿದು ಮತ್ತೊಮ್ಮೆ ಆಲಿಸಿದ. ಬ್ಯಾಟರಿಯಲ್ಲಿ ನಿಂತ ಕಾರಿನೊಳಗೆ ಹತ್ತಿ ತುಂಬಿದಂಥ ಮೌನ. ಹೋದಳು ಎಂದುಕೊಂಡ. ಹಸಿರು ದೀಪ ಬಿದ್ದು ಹಿಂದಿನವರು ಬಂದು ಗಾಜು ಬಡಿದ ಮೇಲೇ ಅವನು ಕಾರು ಎತ್ತಿದ್ದು.

ಆಗಿದ್ದು ಇಷ್ಟು. ನಾಲ್ಕು ಗಂಟೆಗೆ ಎರಡು ಲೋಟ ಕಾಫಿ ಮಾಡಿಕೊಂಡು, ಹಿಂದಿನ ಕೋಣೆಯಲ್ಲಿ ಮಲಗಿದ್ದ ಹೆಂಡತಿಯನ್ನು ಎಬ್ಬಿಸಲು ಹೋಗಿದ್ದ. ಅವಳ ಮುಖ ಬಿಸಿಲಲ್ಲಿ ನಡೆದು ಬಂದವಳ ಹಾಗೆ ಕೆಂಪಗಿತ್ತು. ಭುಜ ಹಿಡಿದು ಅಲುಗಿಸಿದರೆ ಕತ್ತು ಪಕ್ಕಕ್ಕೆ ವಾಲಿತು. ಆ ಕೋಣೆಗೂ ಕಾರು ನಿಲ್ಲಿಸುವ ಷೆಡ್ಡಿಗೂ ನಡುವೆ ಒಂದೇ ಬಾಗಿಲು. ಅವಳನ್ನು ಎತ್ತಿಕೊಂಡು ಷೆಡ್ಡಿಗೆ ನುಗ್ಗಿದಾಗ ಒಳಗೆಲ್ಲ ಧಗೆ. ಬಾನೆಟ್ಟಿಗೆ ತಗುಲಿದ ಮೊಣಕೈ ಚುರುಕ್ಕೆಂದಿತು. ಸ್ಟಿಯರಿಂಗಿನ ಹಿಂದೆ ಹಸಿರು ದೀಪ ಉರಿಯುತ್ತಿತ್ತು. ಕಾರು ಚಾಲೂ ಇತ್ತು. ಅದನ್ನು ಕುರಿತು ಯೋಚಿಸಲು ಆಗ ಪುರಸೊತ್ತಿರಲಿಲ್ಲ. ಅವಳನ್ನು ಹಿಂದೆ ಮಲಗಿಸಿ, ಷಟರ್ ಎತ್ತಿ, ಅದೇ ಕಾರನ್ನು ರಿವರ್ಸ್ ತೆಗೆದು ಹೊರಟುಬಿಟ್ಟಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಬಂದು ಅವಳನ್ನು ಸ್ಟ್ರೆಚರಿಗೆ ಇಳಿಸಿದರು. ನರ್ಸು ಬಗ್ಗಿ ನೋಡಿ, "ಜೀವ ಇದೆ, ಆಕ್ಸಿಜನ್ ಹಾಕಿ," ಎಂದು ಕೂಗಿದಳು. ಮೇಸ್ತ್ರಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇರುವುದು ಅವನಿಗೆ ಆಗ ಗೊತ್ತಾಯಿತು.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಮುಚ್ಚಿದ ಜಾಗದಲ್ಲಿ ಇಂಜಿನ್ ಏನಾದ್ರೂ ಓಡ್ತಿತ್ತಾ?"

"ಕಾರು ಇತ್ತು. ಆದ್ರೆ ನಾನು ಆಫ್ ಮಾಡಿದ್ದೆ."

"ಹೊಗೆ ವಿಷ ಆಗಿದೆ. ಇನ್ನು ಅರ್ಧ ಗಂಟೆ ತಡ ಆಗಿದ್ರೆ..." ಡಾಕ್ಟರು ಮಾತು ಮುಗಿಸದೆ ಒಳಗೆ ಹೋದರು.

ಮೇಸ್ತ್ರಿ ಗೋಡೆ ನೋಡುತ್ತ ಕುಳಿತ. ಕಾರು ಕಲಿಯದವನೊಬ್ಬ ಇಂಥ ಎಡವಟ್ಟು ಮಾಡಿದ್ದರೆ ಒಂದು ಮಾತು. ಇವನು ನಲವತ್ತು ವರ್ಷ ಗ್ಯಾರೇಜು ನಡೆಸಿದವನು. ಅದೂ ಎಂಥ ಗ್ಯಾರೇಜು! ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ, "ಮೂರನೇ ಸಿಲಿಂಡರ್ ಹೊಡೀತಿಲ್ಲ," ಎಂದು ಕುಳಿತಲ್ಲಿಂದಲೇ ಹೇಳಿಬಿಡುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೊತ್ತಿದನೆಂದರೆ ಬೇರಿಂಗ್ ಯಾವುದು, ವಾಲ್ವ್ ಯಾವುದು ಎಂದು ಕೇಳಿ ಹೇಳುತ್ತಿದ್ದ. ಕಿವಿ ಮೇಸ್ತ್ರಿ ಎಂದೇ ಹೆಸರು ಬಿದ್ದಿತ್ತು. ಮದುವೆಯ ಕಾಗದದಲ್ಲಿರುವ ಹೆಸರು ಅವನ ಹೆಂಡತಿಗೇ ಎಷ್ಟು ನೆನಪಿದೆಯೋ.

ಹೆಂಡತಿ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ಹಗಲೆಲ್ಲ ಅರವತ್ತು ಮಕ್ಕಳ ಗಲಾಟೆ, ಮನೆಗೆ ಬಂದರೆ ಮುಂದಿನ ಅಂಗಳದಲ್ಲೇ ಗಂಡನ ಗ್ಯಾರೇಜು. ನಿವೃತ್ತಿಯಾದ ತಿಂಗಳೇ ಅವಳು, "ನನ್ನ ದುಡ್ಡು, ನನ್ನ ಇಷ್ಟ," ಎಂದು ಈ ಕಾರು ತಂದಿದ್ದಳು. ಉದ್ದನೆಯ ಮೈ, ಮುತ್ತಿನ ಬಣ್ಣ, ಸೆಕೆಯಲ್ಲಿ ಬೆನ್ನಿಗೆ ತಣ್ಣಗೆ ಗಾಳಿ ಊದುವ ಚರ್ಮದ ಸೀಟು. ಅರ್ಧ ಬ್ಯಾಟರಿ, ಅರ್ಧ ಪೆಟ್ರೋಲು. ನಿಧಾನಕ್ಕೆ ಹೋಗುವಾಗ ಇಂಜಿನ್ ಬಾಯಿಯನ್ನೇ ಬಿಡುವುದಿಲ್ಲ. "ಇದ್ರಲ್ಲಿ ಕೂತ್ರೆ ಯಾರೂ ಮಗ್ಗಿ ತಪ್ಪು ಹೇಳೋದು ಕೇಳಿಸಲ್ಲ," ಎಂದು ಮೊದಲ ದಿನ ಕಣ್ಣು ಮುಚ್ಚಿ ನಕ್ಕಿದ್ದಳು. ಸಂಜೆ ಒಬ್ಬಳೇ ಅದನ್ನು ಓಡಿಸಿಕೊಂಡು ಊರ ಹೊರಗಿನ ಕೆರೆಯವರೆಗೆ ಹೋಗಿಬರುತ್ತಿದ್ದಳು. ವಾಪಸ್ಸು ಬಂದಾಗ ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದಳು. ಮೇಸ್ತ್ರಿ ಮಾತ್ರ ಮೂಗು ಮುರಿಯುತ್ತಿದ್ದ. ಸದ್ದಿಲ್ಲದ ಗಾಡಿಯೂ ಒಂದು ಗಾಡಿಯೇ?

ಇವತ್ತು ಮಧ್ಯಾಹ್ನ ಬಲ್ಬು ತರಲು ಅದನ್ನು ಒಯ್ದಿದ್ದವನು ಅವನೇ. ನಲವತ್ತು ವರ್ಷ ಅವನ ಕೈ ಕೀಲಿಯಿಂದ ಸರಿದದ್ದು ಇಂಜಿನ್ ಸದ್ದು ನಿಂತಾಗ. ನೋಡುವ ಅಭ್ಯಾಸವೇ ಇಲ್ಲ, ಕೇಳುವುದಷ್ಟೇ. ಷೆಡ್ಡಿನೊಳಗೆ ಕಾರು ಬ್ಯಾಟರಿಯಲ್ಲೇ ನುಸುಳಿ ನಿಂತಾಗ ಯಾವ ಸದ್ದೂ ಇರಲಿಲ್ಲ. ನಿಂತಿದೆ ಎಂದುಕೊಂಡು ಇಳಿದ. ಬಟನ್ ಒತ್ತಿದ್ದೆನೇ? ಈಗ ಎಷ್ಟು ಹಿಂಡಿದರೂ ನೆನಪು ಬಾಯಿ ಬಿಡುತ್ತಿರಲಿಲ್ಲ. ಷಟರ್ ಎಳೆದು, ಮುಂದಿನ ಕೋಣೆಗೆ ಹೋಗಿ ಟಿವಿ ಹಾಕಿದ್ದು ನೆನಪಿದೆ. ಟಿವಿಯ ಗದ್ದಲ ತಡೆಯಲಾರದೆ ಹೆಂಡತಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದೂ ನೆನಪಿದೆ.

ಸಂಜೆ ಪಕ್ಕದ ಮನೆಯ ಟೈಲರಮ್ಮ ಅವನ ಇನ್ನೊಂದು ಚಪ್ಪಲಿಯನ್ನೂ ಹೆಂಡತಿಯ ಬಟ್ಟೆಗಳನ್ನೂ ಹಿಡಿದುಕೊಂಡು ಓಡಿ ಬಂದಳು. ಕಣ್ಣುಗಳು ಅತ್ತು ಊದಿದ್ದವು.

"ನನ್ನದೇ ತಪ್ಪು ಅಣ್ಣಾ. ಎರಡು ಗಂಟೆಯಿಂದ ಷೆಡ್ಡಲ್ಲಿ ಇಂಜಿನ್ ಬಿಟ್ಟು ಬಿಟ್ಟು ಓಡ್ತಾನೇ ಇತ್ತು. ನನ್ನ ಮಿಷನ್ ಸದ್ದಲ್ಲೂ ಕೇಳಿಸ್ತಿತ್ತು. ಬೇರೆಯವರ ಮನೆ ಆಗಿದ್ರೆ ಬಂದು ಬಾಗಿಲು ತಟ್ತಿದ್ದೆ. ಮೇಸ್ತ್ರಿ ಮನೆಯಲ್ವಾ, ಏನೋ ಟೆಸ್ಟ್ ಮಾಡ್ತಿದಾರೆ ಅಂದ್ಕೊಂಡು ಸುಮ್ಮನಾದೆ."

ಮೇಸ್ತ್ರಿ ಅವಳನ್ನೇ ದಿಟ್ಟಿಸಿದ. "ಆ ಕಾರಿಗೆ ಸದ್ದೇ ಇಲ್ಲಮ್ಮ. ನಿಂಗೆ ಬೇರೆ ಯಾವುದೋ ಗಾಡೀದು ಕೇಳಿಸಿರಬೇಕು."

"ಇರಬಹುದೇನೋ ಅಣ್ಣಾ," ಎಂದಳು ಅವಳು, ಒಪ್ಪಿಗೆಯಿಲ್ಲದ ದನಿಯಲ್ಲಿ.

ಮಾರನೆಯ ದಿನ ಬೆಳಿಗ್ಗೆ ಅವನು ಷೋರೂಮಿಗೆ ಫೋನ್ ಮಾಡಿ, ಸ್ಪೀಕರ್ ಪೂರ್ತಿ ಏರಿಸಿ, ಆಸ್ಪತ್ರೆಯ ಕಾರಿಡಾರು ಅದುರುವಂತೆ ಕೂಗಾಡಿದ. ತಾನೇ ಶುರುವಾಗಿ, ತಾನೇ ಹೊಗೆ ಉಗುಳಿ, ಮನುಷ್ಯರನ್ನು ಕೊಲ್ಲುವ ಗಾಡಿಯನ್ನು ಮಾರಿದ್ದೀರಿ ಎಂದ. ಅತ್ತ ಕಡೆಯವರು ವಿನಯದಿಂದ, ಸರ್ವಿಸ್ ವಿಭಾಗದವರನ್ನು ಕಳಿಸುತ್ತೇವೆ, ಕಾರಿನಲ್ಲೇ ದೋಷವೆಂದು ತಾವು ಬರೆದುಕೊಟ್ಟರೆ ವಾಪಸ್ಸು ತೆಗೆದುಕೊಳ್ಳುತ್ತೇವೆ ಎಂದರು. ಫೋನ್ ಇಟ್ಟಾಗ ಮೇಸ್ತ್ರಿಗೆ ಎಷ್ಟೋ ಹಗುರವೆನಿಸಿತು. ತಪ್ಪು ಯಾರದೆಂದು ಗೊತ್ತಾದರೆ ಸಿಗುವ ನೆಮ್ಮದಿ ಅದು. ಆ ತಪ್ಪು ನಮ್ಮದಲ್ಲ ಎಂದಾದರಂತೂ ಕೇಳುವುದೇ ಬೇಡ.

ಹೆಂಡತಿ ದಿಂಬಿಗೊರಗಿ ಕುಳಿತಿದ್ದಳು. ಮೂಗಿನ ನಳಿಗೆ ತೆಗೆದಿದ್ದರು. ದನಿ ಇನ್ನೂ ಕ್ಷೀಣವಾಗಿತ್ತು. ಅವನು ಕುರ್ಚಿಯನ್ನು ಮಂಚಕ್ಕೆ ತಾಗಿಸಿಕೊಂಡು ಅವಳ ಬಾಯಿಯನ್ನೇ ನೋಡುತ್ತ ಕುಳಿತ. ಈಚೆಗೆ ಯಾರು ಮಾತಾಡಿದರೂ ಅವನು ಬಾಯಿಯನ್ನೇ ನೋಡುತ್ತಿದ್ದ. ಯಾಕೆಂದು ಯೋಚಿಸಿರಲಿಲ್ಲ.

"ಕಾರು ವಾಪಸ್ ಕೊಡ್ತಿದೀನಿ," ಎಂದ. "ನಾಳೆ ಬಂದು ತಗೊಂಡು ಹೋಗ್ತಾರೆ."

ಅವಳ ಮುಖ ಬಾಡಿತು. "ವಾಪಸ್ಸಾ? ಯಾಕ್ರೀ?"

"ಯಾಕಂದ್ರೆ? ಹೆಣ ಬೀಳ್ತಿತ್ತು ಕಣೇ! ಇಂಜಿನ್ ಓಡ್ತಿದ್ರೂ ಗೊತ್ತಾಗದೇ ಇರೋ ಗಾಡಿ ಯಾರಿಗೆ ಬೇಕು?"

"ಗೊತ್ತಾಗ್ತಿತ್ತಲ್ಲ." ಅವಳು ಹುಬ್ಬು ಗಂಟಿಕ್ಕಿದಳು, ಬೋರ್ಡಿನ ಮೇಲಿನ ಲೆಕ್ಕ ತಾಳೆಯಾಗದಿದ್ದಾಗ ಮಾಡುತ್ತಿದ್ದಂತೆ. "ನನಗೂ ಕೇಳಿಸ್ತು ರೀ, ನಿದ್ದೆಗಣ್ಣಲ್ಲಿ. ಗೋಡೆ ಆಚೆ ಗುರ್ ಅಂತಿತ್ತು. ಕೊನೆಗೂ ಇದನ್ನೂ ಬಿಚ್ಚಿಕೊಂಡು ಕೂತ್ರಾ ಅಂದ್ಕೊಂಡೆ. ನಲವತ್ತು ವರ್ಷ ಅದೇ ಸದ್ದಲ್ಲಿ ಮಲಗಿದೋಳಲ್ವಾ, ಇನ್ನೂ ಚೆನ್ನಾಗಿ ನಿದ್ದೆ ಹತ್ತಿಬಿಡ್ತು."

ಮೇಸ್ತ್ರಿ ಅವಳ ಹೊದಿಕೆ ಸರಿಮಾಡಿದ.

"ಒಂದು ಕೇಳ್ಲಾ? ಕಾರಲ್ಲಿ ನೀವ್ಯಾಕೆ ಉತ್ತರ ಕೊಡ್ಲಿಲ್ಲ?"

"ಯಾವಾಗ?"

"ಇಲ್ಲಿಗೆ ಬರ್ತಾ. ಗಾಳಿ ತಾಗಿದ ಮೇಲೆ ನಂಗೆ ಎಚ್ಚರ ಆಯ್ತು. ವಾಂತಿ ಬರೋ ಹಾಗೆ ಆಗ್ತಿತ್ತು. ಕಿಟಕಿ ತೆಗೀರಿ, ಕಿಟಕಿ ತೆಗೀರಿ ಅಂತ ಎಷ್ಟು ಸಲ ಹೇಳ್ದೆ! ನೀವು ನೋಡಿದ್ರೆ ಮಾತಾಡೇ, ಮಾತಾಡೇ ಅಂತ ಒಂದೇ ಸಮನೆ ಕಿರುಚ್ತಿದ್ರಿ. ನಾನು ಮಾತಾಡ್ತಾನೇ ಇದ್ದೆ ರೀ. ದಾರಿಯುದ್ದಕ್ಕೂ."

ಮೇಸ್ತ್ರಿಗೆ ಸಿಗ್ನಲ್ಲಿನಲ್ಲಿ ಉಸಿರು ಬಿಗಿಹಿಡಿದು ಆಲಿಸಿದ್ದು ನೆನಪಾಯಿತು. ಆ ಹತ್ತಿಯಂಥ ಮೌನ ನೆನಪಾಯಿತು. ತನ್ನ ಬೆನ್ನಿಗೆ ಮೂರಡಿ ದೂರದಲ್ಲಿ ಅವಳು ಗಾಳಿಗಾಗಿ ಕರೆಯುತ್ತಿದ್ದಳು. ಅವನು ಅವಳನ್ನು ಸತ್ತವಳೆಂದುಕೊಂಡು ಓಡಿಸುತ್ತಿದ್ದ. ಏನಾದರೂ ಹೇಳಬೇಕೆಂದುಕೊಂಡು, "ನೀರು ಕುಡೀತೀಯಾ?" ಎಂದ.

ಮೂರನೆಯ ದಿನ ಅವಳನ್ನು ಮನೆಗೆ ಕಳಿಸಿದರು. ಮಧ್ಯಾಹ್ನ ಷೋರೂಮಿನ ಸರ್ವಿಸ್ ಇಂಜಿನಿಯರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಲೆಯೇ ಇಲ್ಲದ ಉಗುರುಗಳು. ಈ ಉಗುರುಗಳನ್ನಿಟ್ಟುಕೊಂಡು ಇವನೆಂಥ ಮೆಕ್ಯಾನಿಕ್ ಎಂದು ಬೇರೆ ದಿನವಾಗಿದ್ದರೆ ಮೇಸ್ತ್ರಿ ನಗುತ್ತಿದ್ದ. ಕಾರನ್ನು ಷೆಡ್ಡಿನಿಂದ ಹೊರಗೆ, ಅಂಗಳದಲ್ಲಿ ನಿಲ್ಲಿಸಿದ್ದರು. ಇಂಜಿನಿಯರ್ ಒಂದು ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದ. ಹೆಂಡತಿ ಮೆಟ್ಟಿಲ ಮೇಲೆ ಶಾಲು ಹೊದ್ದು ಕುಳಿತಿದ್ದಳು. ಕಾಂಪೌಂಡಿನಾಚೆ ಟೈಲರಮ್ಮ ಹೊಲಿಗೆ ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು.

"ಎಸಿ ಆನ್ ಇತ್ತು ಸರ್," ಎಂದ ಇಂಜಿನಿಯರ್. "ಬ್ಯಾಟರಿ ಇಳಿದಾಗೆಲ್ಲ ಚಾರ್ಜ್ ಮಾಡೋಕೆ ಇಂಜಿನ್ ಸ್ಟಾರ್ಟ್ ಆಗಿದೆ. ಅದು ಹಾಗೇ ಕೆಲಸ ಮಾಡೋದು. ನಂಗೆ ಅರ್ಥ ಆಗ್ದೇ ಇರೋದು ಒಂದೇ. ಆನ್ ಇರುವಾಗ ಕೀ ತಗೊಂಡು ಇಳಿದ್ರೆ ಅದು ಕೂಗುತ್ತೆ. ಬಾಗಿಲು ತೆಗೆದಿದ್ದಷ್ಟು ಹೊತ್ತೂ ಕೂಗುತ್ತೆ. ಮುಚ್ಚಿದ ಮೇಲೂ ಹೊರಗಡೆಗೆ ಮೂರು ಸಲ ಕೂಗುತ್ತೆ. ಅವತ್ತು ಕೂಗಿಲ್ಲ ಅಂದ್ರೆ ಖಂಡಿತ ದೋಷನೇ. ನೀವು ಇಲ್ಲೊಂದು ಸಹಿ ಮಾಡಿ, ಗಾಡಿ ಇವತ್ತೇ ಒಯ್ತೀನಿ."

ಕಾಗದ ಮುಂದೆ ಬಂತು. ಅದರಲ್ಲಿ ಒಂದೇ ಸಾಲು ಖಾಲಿ ಇತ್ತು. ಮೇಸ್ತ್ರಿ ಪೆನ್ನು ತೆಗೆದುಕೊಂಡ. ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಕಾರನ್ನು ನೋಡುತ್ತಿದ್ದಳು. ಒಂದು ಸಹಿ ಬಿದ್ದರೆ ಸಾಕು, ಅವನ ಕಿವಿಗೆ ಕುಂದಿಲ್ಲ, ಕಿವಿ ಮೇಸ್ತ್ರಿಯಾಗಿಯೇ ಉಳಿಯಬಹುದು. ಅವಳು ಮತ್ತೆ ಟಿವಿಯ ಗದ್ದಲಕ್ಕೆ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ನಾಳೆ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಕರೆದರೆ, ನಡುರಾತ್ರಿ ಎದೆ ಹಿಡಿದುಕೊಂಡು ಕರೆದರೆ?

"ಒಂದ್ಸಲ ಕೂಗಿಸಪ್ಪಾ," ಎಂದ.

ಇಂಜಿನಿಯರ್ ಕಾರು ಹತ್ತಿ ಬಟನ್ ಒತ್ತಿದ. ಹಸಿರು ದೀಪ ಹತ್ತಿತು. ಕೀ ಹಿಡಿದುಕೊಂಡು ಇಳಿದು, ಬಾಗಿಲನ್ನು ತೆರೆದೇ ಬಿಟ್ಟು ಪಕ್ಕಕ್ಕೆ ನಿಂತ. ಮೇಸ್ತ್ರಿ ಅಭ್ಯಾಸದಂತೆ ತಲೆಯನ್ನು ಬಲಕ್ಕೆ ವಾಲಿಸಿ, ಕಣ್ಣು ಮುಚ್ಚಿ ನಿಂತ. ನಲವತ್ತು ವರ್ಷ ಜನ ಈ ಭಂಗಿಯ ಎದುರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಎಷ್ಟು ಹೊತ್ತು ನಿಂತಿದ್ದನೋ. ಕಣ್ಣು ಬಿಟ್ಟಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಕಾಂಪೌಂಡಿನಾಚೆ ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ.

"ಕೂಗ್ತಾ?" ಎಂದು ಕೇಳಿದ.

ಇಂಜಿನಿಯರ್ ಮೇಸ್ತ್ರಿಯ ಹೆಂಡತಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ. "ಕೂಗ್ತಾ ಇದೆ ಸರ್," ಎಂದ ಮೆಲ್ಲಗೆ. ಕೇಳಿಸಲಿಲ್ಲವೇನೋ ಎಂದು ಮತ್ತೆ ಗಟ್ಟಿಯಾಗಿ ಹೇಳಿದ. "ಈಗಲೂ ಕೂಗ್ತಾ ಇದೆ."

ಮೇಸ್ತ್ರಿ ಕಾರಿನ ಅಂಚು ಹಿಡಿದುಕೊಂಡ. ನಂತರ ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

"ಗಾಡಿ ಚೆನ್ನಾಗಿದೆಯಪ್ಪಾ," ಎಂದ. "ಅದರ ತಪ್ಪೇನಿಲ್ಲ. ನಂಗೆ ಕೇಳಿಸ್ತಿಲ್ಲ."

ಹೆಂಡತಿ ಮೆಟ್ಟಿಲಿಳಿದು ಬಂದಳು. ಇನ್ನೂ ನಿತ್ರಾಣವಿತ್ತು, ಗೋಡೆ ಹಿಡಿದು ಬಂದಳು. ಅವನ ಬಲಗೈ ತೆಗೆದುಕೊಂಡು ಬಾನೆಟ್ಟಿನ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ತಗಡು ಬೆಚ್ಚಗಿತ್ತು, ಅಲುಗಾಟವಿರಲಿಲ್ಲ. ಇಬ್ಬರೂ ಹಾಗೇ ನಿಂತರು. ಬಿಸಿಲಿಗೆ ಎಸಿ ಓಡುತ್ತಿತ್ತು, ಬ್ಯಾಟರಿ ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನ ಅಂಗೈಯ ಕೆಳಗೆ, ಎಲ್ಲೋ ಆಳದಲ್ಲಿ, ಒಂದು ಸಣ್ಣ ನಡುಕ ಹುಟ್ಟಿತು.

"ಸ್ಟಾರ್ಟ್ ಆಯ್ತು," ಎಂದ ಮೇಸ್ತ್ರಿ.

ಅವಳು ಹೌದೆಂದಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ.