ಕಪ್ಪು ಪರದೆಯಲ್ಲಿ ಗಡಿಯಾರ ಇರಲಿಲ್ಲ

ನನ್ನ ಕಂಪ್ಯೂಟರಿನಲ್ಲಿ ಚಿತ್ರ ಕಾಣುವುದಿಲ್ಲ. ಬೇಡ ಅಂತ ನಾನೇ ಹಾಗೆ ಮಾಡಿಟ್ಟುಕೊಂಡಿದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ‘ಲಿಂಕ್ಸ್’ ಎಂಬ ಬ್ರೌಸರಿನ ಹೆಸರು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ವೆಬ್‌ಸೈಟಿನ ವಿಳಾಸ ಹಾಕಿ ಎಂಟರ್ ಹೊಡೆದರೆ ಪುಟದ ಬರಹ ಮಾತ್ರ ಬಂದು ಕೂರುತ್ತದೆ. ಜಾಹೀರಾತು ಇಲ್ಲ, ದೊಡ್ಡವರ ಫೋಟೋ ಇಲ್ಲ, ಅತ್ತಿಂದಿತ್ತ ಓಡುವ ಪಟ್ಟಿ ಇಲ್ಲ. ಮೌಸೂ ಬೇಡ, ಬಾಣದ ಗುರುತಿನ ನಾಲ್ಕು ಕೀ ಸಾಕು. ಶಿರಸಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ರಿಟೈರ್ ಆದವಳು ನಾನು, ಸುಬ್ಬಲಕ್ಷ್ಮಿ. ಈಗ ವಾನಳ್ಳಿಯ ಮನೆಯ ಜಗಲಿಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ಪೇಟೆಯಲ್ಲಿ ತೆರೆಯದ ಪುಟವೂ ನನ್ನಲ್ಲಿ ತೆರೆಯುತ್ತದೆ. ಜಂಬ ಅನ್ನಿ, ಬೇಜಾರಿಲ್ಲ. ಜಂಬ ಪಡುವಷ್ಟು ಕೆಲಸ ನನಗೆ ಗೊತ್ತು.

ಗೋಡೆಯ ಮೇಲೆ ಒಂದು ಬೋರ್ಡಿದೆ: ‘ಕೇಳದೆ ಮುಟ್ಟಬೇಡಿ.’ ಲ್ಯಾಬಿನಲ್ಲಿದ್ದದ್ದು. ರಿಟೈರ್ ಆದ ದಿನ ಬಿಚ್ಚಿಕೊಂಡು ಬಂದೆ.

ಮೊನ್ನೆ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ತನುಜಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಕೆಳಗಿನ ಕೇರಿಯ ಕೆರಿಯನ ಮಗಳು, ನನ್ನ ಕೊನೇ ಬ್ಯಾಚಿನವಳು.

“ಅಕ್ಕೋರೆ, ನರ್ಸಿಂಗ್ ಸೀಟು ಸಿಕ್ಕಿದ್ಯಂತೆ. ಇವತ್ತು ನಾಲ್ಕು ಗಂಟೆ ಒಳಗೆ ಒಪ್ಪಿಗೆ ಕೊಡ್ಬೇಕು. ಇಲ್ದಿದ್ರೆ ಮುಂದಿನವ್ರಿಗೆ ಹೋಗ್ತದೆ. ಹತ್ತು ಗಂಟೆಯಿಂದ ಫೋನಲ್ಲಿ ಚಕ್ರ ತಿರುಗ್ತಾ ಇದೆ, ತಿರುಗ್ತಾನೇ ಇದೆ.”

ಟವರ್ ಬೆಳಿಗ್ಗೆಯಿಂದ ಒಂದೇ ಕಡ್ಡಿ ತೋರಿಸುತ್ತಿತ್ತು. ಶಿರಸಿಗೆ ಹೋಗೋಣವೆಂದರೆ ಬಸ್ಸು ಮುಟ್ಟುವಷ್ಟರಲ್ಲಿ ನಾಲ್ಕು ದಾಟುತ್ತದೆ. ಎರಡು ವರ್ಷ ಕಾದು ಸಿಕ್ಕ ಸೀಟು. ಹುಡುಗಿಯ ಕಣ್ಣಲ್ಲಿ ಆಗಲೇ ನೀರು.

“ಅಳಬೇಡ ಮಾರಾಯ್ತಿ. ಕೂರು. ಆ ಪುಟ ಚಿತ್ರಗಳ ಹೊರೆ ಹೊತ್ತುಕೊಂಡು ಬರ್ಲಿಕ್ಕೆ ನೋಡ್ತದೆ, ಅದಕ್ಕೇ ಸಿಕ್ಕಿಹಾಕಿಕೊಳ್ತದೆ. ನಾವು ಅಕ್ಷರ ಮಾತ್ರ ಕರೆಯೋಣ,” ಅಂದೆ.

ಕರೆದೆ, ಬಂತು. ಕುಕಿ ಇಟ್ಟುಕೊಳ್ಳಲಾ ಅಂತ ಕೇಳಿತು, ಹೂಂ ಅಂದೆ. ಕೆಳಗಿನ ಬಾಣ ಒತ್ತುತ್ತ ಒಂದೊಂದೇ ಕೊಂಡಿ ದಾಟಿ ಲಾಗಿನ್ ಪುಟಕ್ಕೆ ಹೋದೆ. ಅಲ್ಲೊಂದು ತಕರಾರು: ಚಿತ್ರದಲ್ಲಿರುವ ಆರು ಅಕ್ಷರ ಓದಿ ಟೈಪ್ ಮಾಡಬೇಕು, ನಾವು ಮನುಷ್ಯರೇ ಅಂತ ತೋರಿಸಲಿಕ್ಕೆ. ನಮ್ಮಲ್ಲಿ ಚಿತ್ರವೇ ಇಲ್ಲವಲ್ಲ! ತನುಜಾ ಗಾಬರಿಯಾದಳು. ನಾನು ನಕ್ಷತ್ರದ ಕೀ ಒತ್ತಿದೆ. ಚಿತ್ರವಿದ್ದ ಜಾಗದಲ್ಲಿ ಕೊಂಡಿ ಕಾಣಿಸಿತು. ಆ ಚಿತ್ರ ಒಂದನ್ನೇ ಇಳಿಸಿಕೊಂಡು, ಚಿತ್ರ ತೋರಿಸುವ ಬೇರೆ ಕಿಟಕಿಯಲ್ಲಿ ತೆರೆದು, ಓದಿದೆ. ಹುಡುಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನನಗೂ ಒಳಗೊಳಗೇ ಖುಷಿ.

ಮೂರೂ ಮೂವತ್ತೆಂಟಕ್ಕೆ ಅವಳ ಹೆಸರು, ಕಾಲೇಜಿನ ಹೆಸರು, ಕೆಳಗೆ ‘ಒಪ್ಪಿಗೆ’ ಎಂಬ ಗುಂಡಿ ಎಲ್ಲ ಪರದೆಗೆ ಬಂತು. ಅಷ್ಟರಲ್ಲಿ ನಮ್ಮ ಯಜಮಾನರು, ನಾಗಪತಿ, ಒಳಗಿಂದ ಕೂಗಿದರು.

“ಬಂದವಕ್ಕೆ ಆಸರಿ ಕೊಟ್ಯ ಇಲ್ಯ?”

ನಮ್ಮ ಕಡೆ ಅದೊಂದು ಕ್ರಮ. ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು ಆಸರಿ ಕೊಡಬೇಕು, ಪಾನಕವೋ ಮಜ್ಜಿಗೆಯೋ, ಬಾಯಾರಿಕೆ ಕಳೆಯುವಂಥದ್ದು. ಕೊಟ್ಟಿಲ್ಲ ಅಂದರೆ ನನಗೆ ಕೈಕಟ್ಟಿದ ಹಾಗಾಗುತ್ತದೆ. ಹುಡುಗಿ ಬಿಸಿಲಲ್ಲಿ ಓಡಿಬಂದಿದ್ದಾಳೆ, ಪುಟವಂತೂ ತೆರೆದಾಗಿದೆ, ಇನ್ನೆಂತ ಅವಸರ?

“ಒಂದು ನಿಮಿಷ ಬಂದೆ. ಏನೂ ಮುಟ್ಟಬೇಡ,” ಅಂದು ಒಳಗೆ ಹೋದೆ. ಲಿಂಬೆಹಣ್ಣು ಸಿಗಲಿಲ್ಲ. ಹುಡುಕಿದೆ. ಬೆಲ್ಲ ಗಟ್ಟಿಯಾಗಿತ್ತು, ಜಜ್ಜಿದೆ. ಏಲಕ್ಕಿ ಪುಡಿ ಮಾಡಿದೆ. ಎರಡು ಲೋಟ ತಂದಿಟ್ಟು, ಗತ್ತಿನಿಂದ ಕೂತು ‘ಒಪ್ಪಿಗೆ’ಯ ಮೇಲೆ ಎಂಟರ್ ಹೊಡೆದೆ.

‘ನಿಮ್ಮ ಅವಧಿ ಮುಗಿದಿದೆ. ಹತ್ತು ನಿಮಿಷದ ನಂತರ ಮತ್ತೆ ಪ್ರವೇಶಿಸಿ.’

ಗಡಿಯಾರ ನೋಡಿದೆ. ಗಂಟೆ ಮೂರೂ ನಲವತ್ತಾರು. ಹತ್ತು ನಿಮಿಷ ಅಂದರೆ ಐವತ್ತಾರು. ಉಳಿಯುವುದು ನಾಲ್ಕೇ ನಿಮಿಷ. ಮೊದಲ ಸಲ ಹದಿನೈದು ನಿಮಿಷ ಹಿಡಿದಿತ್ತು.

ಎಲ್ಲರ ಪರದೆಯಲ್ಲೂ ಆ ಪುಟದ ಮೂಲೆಯಲ್ಲಿ ಐದು ನಿಮಿಷದ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಓಡುವ ವಸ್ತು ಯಾವುದೂ ನನ್ನ ಲಿಂಕ್ಸಿನಲ್ಲಿ ಕಾಣುವುದಿಲ್ಲ. ಅದನ್ನೇ ಅಲ್ಲವೇ ನಾನು ಇಷ್ಟು ಹೊತ್ತು ಹೊಗಳಿಕೊಂಡಿದ್ದು?

“ಕೆಳಗೆ ಒಂದು ಸಾಲಲ್ಲಿ ಬರ್ದಿತ್ತು ಅಕ್ಕೋರೆ, ಐದು ನಿಮಿಷ ಅಂತ,” ತನುಜಾ ಮೆಲ್ಲಗೆ ಹೇಳಿದಳು.

“ಮತ್ತೆ ನೀನೇ ಒತ್ತಬಾರದಿತ್ತೇನೆ?”

“ಮುಟ್ಟಬೇಡ ಅಂದಿದ್ರಲ್ಲ.”

ಅಯ್ಯೋ ರಾಮಾ. ಗೋಡೆಯ ಬೋರ್ಡಿನ ಕಡೆ ಕಣ್ಣು ಹೋಯಿತು. ನಾಚಿಕೆಯಾಯಿತು.

“ತಪ್ಪು ನನ್ನದು ತನುಜಾ. ಆದರೆ ದಾರಿ ಇದೆ. ದಾರಿ ಎಷ್ಟು ಉದ್ದ ಅಂತ ನೋಡುವ.”

“ಕೆಳಗಿನ ಬಾಣ ಹದಿನಾಲ್ಕು ಸಲ, ಬಲಗಡೆದು ಒಂದು. ಆಮೇಲೆ ಮತ್ತೆ ಕೆಳಗೆ ಒಂಬತ್ತು. ನಾ ಎಣಿಸ್ತಾ ಇದ್ದೆ,” ಅಂದಳು.

ನಾನು ಅವಳ ಮುಖ ನೋಡಿದೆ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರಿಗೂ ನನ್ನ ಕಂಪ್ಯೂಟರಿನ ಕುರ್ಚಿ ಬಿಟ್ಟುಕೊಟ್ಟವಳಲ್ಲ ನಾನು, ಎದ್ದೆ.

“ಬಾ, ಕೂರು. ಆ ಹದಿನಾಲ್ಕು ಬೇಡ. ಲಾಗಿನ್ ಪುಟದ ವಿಳಾಸ ನನ್ನಲ್ಲಿದೆ, ನೇರ ಅಲ್ಲಿಗೇ ಹಾರುವ. ಒಂಬತ್ತರಿಂದ ಶುರು ಮಾಡು.”

ಸುಮ್ಮನೆ ಗಂಟೆ ನೋಡುತ್ತ ಕೂರಲಿಲ್ಲ ನಾವು. ಬೇರೊಂದು ಪುಟದ ಮೇಲೆ ಅಭ್ಯಾಸ ಮಾಡಿಸಿದೆ: ‘ಜಿ’ ಒತ್ತು, ವಿಳಾಸ ಹಾಕು, ನಕ್ಷತ್ರ, ‘ಡಿ’ ಒತ್ತಿ ಇಳಿಸು. ಮೊದಲ ಸಲ ತಪ್ಪಿತು, ಬೈದೆ. ಎರಡನೇ ಸಲ ಸರಿಯಾಯಿತು. ಮೂರನೇ ಸಲ ನನಗಿಂತ ಜೋರು. ಬಾಗಿಲಲ್ಲಿ ನಿಂತ ಯಜಮಾನರು “ಎಂತ ಆತೆ?” ಅಂದರು. “ಮಾತಾಡಡಿ, ಸುಮ್ಮನೆ ಗಡಿಯಾರ ನೋಡಿ ಕೂಗಿ,” ಅಂದೆ.

“ಐವತ್ತಾರು!”

ತನುಜಾಳ ಬೆರಳು ಹೊರಟವು. ವಿಳಾಸ. ಹೆಸರು. ಪಾಸ್‌ವರ್ಡ್. ನಕ್ಷತ್ರ. ಚಿತ್ರ ಇಳಿಯಲಿಕ್ಕೆ ಐವತ್ತು ಸೆಕೆಂಡು ತಿಂದಿತು. “ಐವತ್ತೆಂಟು!” ನಾನು ಕನ್ನಡಕ ಏರಿಸಿ ಆರು ಅಕ್ಷರ ಓದಿ ಹೇಳಿದೆ. ಒಂಬತ್ತು ಬಾಣ ಅವಳು ಬಾಯಲ್ಲೇ ಎಣಿಸಿದಳು. ಅವಳ ಹೆಸರು ಬಂತು, ಗುಂಡಿ ಬಂತು. ಅಲ್ಲಿ ಬೆರಳು ನಿಂತುಬಿಟ್ಟಿತು. ನನ್ನ ಕಡೆ ತಿರುಗಿ ನೋಡಿದಳು, ಅಪ್ಪಣೆಗೆ.

“ಮುಟ್ಟೇ! ನಿನ್ನ ಸೀಟು, ನೀನೇ ಮುಟ್ಟು!” ಕಿರುಚಿಬಿಟ್ಟೆ.

ಒತ್ತಿದಳು. ಪರದೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಒಂದೇ ಸಾಲು ಬಂತು: ‘ಒಪ್ಪಿಗೆ ದಾಖಲಾಗಿದೆ. ಸಮಯ 3:59.’

ತನುಜಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಅತ್ತಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ. ಅವಳು ಮುಟ್ಟದೇ ಬಿಟ್ಟಿದ್ದ ಪಾನಕ ಎತ್ತಿ ಕೈಗೆ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು.

ಅದನ್ನು ತರಲು ಯಜಮಾನರನ್ನು ಕಳಿಸಿದೆ. ನಾನು ಸ್ಟೂಲು ಹತ್ತಿ ಗೋಡೆಯ ಬೋರ್ಡು ಬಿಚ್ಚಿದೆ.